ಬೆರಳಿಟ್ಟರೆ ಸುಮ್ಮನಾಗುವ ಆಂಪ್ಲಿಫೈಯರ್

…ಅಥವಾ ಮೊದಲು ಕೂಗಿದ್ದು ನನ್ನ ಹೆಂಡತಿಯೇ ಇರಬೇಕು, ಆಂಪ್ಲಿಫೈಯರ್ ಆಮೇಲೆ. ಕಂಡಕಂಡವರಿಗೆಲ್ಲ ಹೇಳಿ ಹೇಳಿ ಕ್ರಮವೇ ಕಲಸಿಹೋಗಿದೆ. ಪ್ರತಿ ಸಲ ಹೇಳುವಾಗಲೂ ನನ್ನ ತಪ್ಪು ಸ್ವಲ್ಪ ಕಡಿಮೆಯಾಗುತ್ತಿರುವುದರಿಂದ ಈ ನೆನಪನ್ನು ನಾನೇ ನಂಬುವುದಿಲ್ಲ. ಸವಳಂಗ ರಸ್ತೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ನಾನು ಕೈಯಾರೆ ಕಟ್ಟಿದ ಆಂಪ್ಲಿಫೈಯರ್ ಇತ್ತು, ಪಕ್ಕದಲ್ಲಿ ಲ್ಯಾಪ್‌ಟಾಪ್ ಇತ್ತು ಎಂಬುದಷ್ಟೇ ಖಚಿತ. ಲ್ಯಾಪ್‌ಟಾಪಿನ ಸಿಮ್ಯುಲೇಷನ್ನಿನಲ್ಲಿ, ಅಂದರೆ ಸರ್ಕ್ಯೂಟಿನ ಲೆಕ್ಕದ ಅಣಕಿನಲ್ಲಿ, ಅದು ಪರಮ ಸ್ಥಿರ, ಕೂಗುವ ಮಾತೇ ಇಲ್ಲ. ಮೇಜಿನ ಮೇಲೆ, ಬಾಲ ತುಳಿಸಿಕೊಂಡ ಬೆಕ್ಕು!

"ರೀ, ಅದನ್ನ ಆರಿಸ್ರೀ! ಕುಕ್ಕರ್ ಕೂಗಿದ್ದೂ ಗೊತ್ತಾಗ್ತಿಲ್ಲ," ಎಂದಳು ಹೆಂಡತಿ ಶಶಿಕಲಾ.

"ಇದು ಸ್ಥಿರವಾಗೇ ಇದೆ ಮಾರಾಯ್ತಿ. ಗ್ರಾಫ್ ನೋಡು."

"ಗ್ರಾಫ್ ಕೂಗಲ್ಲ ಬಿಡಿ."

ಭಾನುವಾರ ಭದ್ರಾವತಿಯಲ್ಲಿ ಅವಳ ಅಕ್ಕ ಗಿರಿಜಕ್ಕನ ಮಗಳ ನಿಶ್ಚಿತಾರ್ಥ. ಅಲ್ಲಿ ಶಶಿಕಲಾ ವಚನ ಹಾಡಬೇಕಿತ್ತು. ಮದುವೆಯಾದ ಮೇಲೆ ಗಂಡ ಅವಳ ಹಾಡು ಬಿಡಿಸಿದ ಎಂದು ತವರಿನಲ್ಲಿ ಮಾತಿತ್ತು. ನಾನು ಬಿಡಿಸಿರಲಿಲ್ಲ, ಮನೆಯಲ್ಲಿ ಯಾವಾಗಲೂ ನನ್ನದೇನಾದರೊಂದು ಗುಂಯ್‌ಗುಡುತ್ತಿತ್ತು, ಅಷ್ಟೆ. ಈ ಸಲ ಅವಳು ತಾರಸಿಗೆ ಹೋಗಿ ಅಭ್ಯಾಸ ಮಾಡಿದ್ದಳು. ನಾನು ಉದಾರ ಮನಸ್ಸಿನಿಂದ, ಅವಳನ್ನು ಕೇಳದೆ, ಗಿರಿಜಕ್ಕನ ಗಂಡ ಬಸವರಾಜಪ್ಪನವರಿಗೆ ಫೋನ್ ಮಾಡಿ, ನನ್ನ ಆಂಪ್ಲಿಫೈಯರನ್ನೇ ತರುತ್ತೇನೆಂದು ಹೇಳಿ, ಶಾಮಿಯಾನದವರ ಮೈಕ್‌ಸೆಟ್ ರದ್ದು ಮಾಡಿಸಿದೆ.

ಒಂದು ಕೆಪಾಸಿಟರ್ ಹಾಕಿದೆ. ಬೆಕ್ಕು ಹೋಗಿ ಗದ್ದೆ ಉಳುವ ಟಿಲ್ಲರಿನ ಗುಡುಗುಡು ಬಂತು. ಇನ್ನೊಂದು ಹಾಕಿದೆ. ಟಿಲ್ಲರ್ ಮೇಲೆ ಬೆಕ್ಕು ಕೂತಿತು! ಸಿಟ್ಟಿನಲ್ಲಿ ಒಳಗಿನ ಸಣ್ಣ ತಂತಿಯೊಂದನ್ನು ಬೆರಳಿನಿಂದ ಒತ್ತಿದೆ. ನಿಶ್ಶಬ್ದ. ಬೆರಳು ತೆಗೆದೆ, ಕೂಗು. ಇಟ್ಟೆ, ಮೌನ. ನನ್ನ ತೋರುಬೆರಳು ಅಧಿಕೃತವಾಗಿ ಒಂದು ಬಿಡಿಭಾಗವೆಂದು ಸಾಬೀತಾಯಿತು. ಸಿಮ್ಯುಲೇಷನ್ನಿನಲ್ಲಿ ಹುಡುಕಿದೆ, ಬೆರಳು ಇರಲಿಲ್ಲ. ಆ ತಂತಿಯನ್ನು ಬಿಗಿಯಾಗಿ ಟೇಪ್ ಸುತ್ತಿ ಕೂರಿಸಿದೆ. ಕೂಗು ನಿಂತಿತು. ಸ್ಥಿರತೆ ಸಾಧಿಸಿದೆ ಎಂದು ಘೋಷಿಸಿಬಿಟ್ಟೆ.

ಭದ್ರಾವತಿಯಲ್ಲಿ ಶಾಮಿಯಾನದ ಆಚೆ ಮೂಲೆಯ ಸ್ಪೀಕರಿಗೆ ಉದ್ದನೆಯ ವೈರು ಎಳೆದದ್ದೇ ತಡ, ಮನೆಯಲ್ಲಿ ಕೂಗಿದ್ದು ಬರೀ ರಿಹರ್ಸಲ್ ಎನ್ನುವಂತೆ ಅರಚಿತು. ಗಂಡಿನ ಕಡೆಯ ಅಜ್ಜನೊಬ್ಬರು ಕಿವಿಯ ಮೆಷಿನ್ ಕಿತ್ತು ಜೇಬಿಗೆ ಹಾಕಿಕೊಂಡರು. ಬಸವರಾಜಪ್ಪ ಓಡಿಬಂದರು.

"ಏನ್ ಮಾರಾಯ್ರೆ, ಮುಚ್ಚಿಹೋದ ಫ್ಯಾಕ್ಟ್ರಿ ಸೈರನ್ ಮತ್ತೆ ಶುರು ಮಾಡಿದ್ರಾ?"

"ವೈರು ಸ್ವಲ್ಪ ಉದ್ದ ಆಯ್ತು ಅಣ್ಣಾ."

"ನಿಮ್ ನಾಲಿಗೆನೂ ಅಷ್ಟೇ!"

ಶಶಿಕಲಾ ಆಗಲೇ ಮೈಕಿನ ಮುಂದೆ ಕೂತಿದ್ದಳು. ಅವಳ ಮುಖ ನೋಡುವ ಧೈರ್ಯವಾಗದೆ, ಆಂಪ್ಲಿಫೈಯರ್ ಎತ್ತಿಕೊಂಡು ಅದನ್ನಿಟ್ಟಿದ್ದ ಮೇಜಿನ ಕೆಳಗೆ ನುಸುಳಿ ಆ ತಂತಿಯ ಮೇಲೆ ಬೆರಳಿಟ್ಟೆ. ಅರಚಾಟ ನಿಂತಿತು. ಹಾಡು ಶುರುವಾಯಿತು. ಮೇಜಿನ ಬಟ್ಟೆಯಾಚೆ ತುಂಬು ದನಿ, ಒಂದು ಚೂರೂ ಒಡಕಿಲ್ಲ. ಸೊಳ್ಳೆ ಕಚ್ಚಿತು, ಅಲುಗಲಿಲ್ಲ. ಕಾಲು ಜೋಮು ಹಿಡಿಯಿತು, ಕಲೆಗಾಗಿ ಸಹಿಸಿಕೊಂಡೆ. ಕೊನೆಗೆ ಚಪ್ಪಾಳೆ! ಗಿರಿಜಕ್ಕ ಮೂಗು ಸೇದಿಕೊಂಡದ್ದೂ ಕೇಳಿಸಿತು.

ವಿಜಯಿಯಾಗಿ ಹೊರಗೆ ತೆವಳಿ ಬಂದೆ. ಆಂಪ್ಲಿಫೈಯರಿನ ಪ್ಲಗ್ ನೆಲದ ಮೇಲೆ ಬಿದ್ದಿತ್ತು.

"ಯಾರು ಕಿತ್ತಿದ್ದು ಇದನ್ನ?"

"ನಾನೇ," ಎಂದರು ಬಸವರಾಜಪ್ಪ. "ನೀವು ಮೇಜಿನ ಕೆಳಗೆ ಹೋಗ್ತಿದ್ದ ಹಾಗೇ ಕಿತ್ತೆ."

"ಇಲ್ಲ ಭಾವ," ಎಂದಳು ಶಶಿಕಲಾ. "ಮೊದಲ್ನೇ ವಚನ ಮೈಕಲ್ಲೇ ಬಂತು. ನೀವು ಕಿತ್ತಿದ್ದು ಆಮೇಲೆ."

"ಸುಮ್ನಿರೇ," ಎಂದಳು ಗಿರಿಜಕ್ಕ. "ಎಲ್ಲಿ ಗಂಡನ್ನ ಬಿಟ್ಟುಕೊಡ್ತಾಳೆ ಇವಳು!"

ಶಶಿಕಲಾ ಕಂಡದ್ದನ್ನು ಹೇಳಿದಳೋ, ನನ್ನ ಮಾನ ಮುಚ್ಚಿದಳೋ, ನಾನು ಕೇಳಿಲ್ಲ. ಅವತ್ತು ಅಷ್ಟು ಜನ ಕೇಳಿದ ಹಾಡಿನಲ್ಲಿ ನನ್ನ ಬೆರಳಿನ ಪಾಲು ಏನಾದರೂ ಇತ್ತೇ? ನನಗೆ ಗೊತ್ತಿಲ್ಲ.