‘ಬಾ’ ಎಂದರೆ ಹೊರಡುವ ಅತ್ತೆ

ನಮ್ಮ ಸೋದರತ್ತೆಯನ್ನು ಕರೆಯುವುದು ಬಹಳ ಸುಲಭವಾಗಿತ್ತು. ಜಗತ್ತಿನ ಯಾವ ಭಾಷೆಯಲ್ಲಿ ಯಾರು ‘ಬಾ’ ಎಂದರೂ ಸಾಕು, ಹೊರಟುಬಿಡುತ್ತಿದ್ದಳು! ಕರೆದದ್ದು ತನ್ನನ್ನೋ, ಅಸಲಿಗೆ ಅದು ಕರೆಯೋ ಅಲ್ಲವೋ ಎಂದು ವಿಚಾರಿಸುವ ಅಭ್ಯಾಸ ಅವಳಿಗಿರಲಿಲ್ಲ.

ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ. ಪೀಣ್ಯದ ಒಂದು ಪಂಪ್‌ಸೆಟ್ ಕಾರ್ಖಾನೆಯಲ್ಲಿ ಅತ್ತೆ ಮೋಟರಿಗೆ ತಾಮ್ರದ ತಂತಿ ಸುತ್ತುವ ವಿಭಾಗದ ಸೂಪರ್‌ವೈಸರ್. ಎಂ.ಎ. ಕನ್ನಡ ಓದಿಯೂ ಮೇಷ್ಟರ ಕೆಲಸ ಸಿಗದ ನಾನು ಅವಳ ಶಿಫಾರಸಿನಿಂದ ಅಲ್ಲೇ ಪೆಟ್ಟಿಗೆಗಳ ಮೇಲೆ ವಿಳಾಸ ಬರೆಯುತ್ತಿದ್ದೆ. (ಛಂದಸ್ಸು ಓದಿದ್ದು ಅಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ!)

ನಾವಿದ್ದ ವಠಾರದ ಮಹಡಿಗೆ ಗುಜರಾತಿನ ಸಂಸಾರವೊಂದು ಬಂತು. ಮೊದಲ ದಿನವೇ ಆ ಮನೆಯ ಯಜಮಾನ ‘ಬಾ! ಬಾ!’ ಎಂದು ಕೂಗಿದ. ಅತ್ತೆ ರೊಟ್ಟಿಯನ್ನು ಹಂಚಿನ ಮೇಲೇ ಬಿಟ್ಟು ಮೆಟ್ಟಿಲು ಹತ್ತಿದಳು. ಅವನು ಕೂಗಿದ್ದು ತನ್ನ ತಾಯಿಯನ್ನು; ಅವರಲ್ಲಿ ‘ಬಾ’ ಎಂದರೆ ಅಮ್ಮ. ಮಾರನೆಯ ದಿನ ಅವನು ಮತ್ತೆ ಕೂಗಿದ, ಇವಳು ಮತ್ತೆ ಹತ್ತಿದಳು.

“ಗೊತ್ತಾಯ್ತಲ್ಲತ್ತೆ, ಮತ್ಯಾಕೆ ಹೋದೆ?”

“ಢೋಕ್ಲಾ ಸಕ್ಕತ್ತಾಗ್ ಮಾಡ್ತದೆ ಕಣೋ ಆ ಮುದುಕಿ!”

ಆಮೇಲೆ ಕಾರ್ಖಾನೆಗೆ ಚೀನಾದಿಂದ ಹೊಸ ಯಂತ್ರ ಬಂತು. ಅದನ್ನು ಜೋಡಿಸಲು ಬಂದ ತಂತ್ರಜ್ಞ ಅತ್ತೆಯ ಕಡೆ ತಿರುಗಿ, ಹೆಬ್ಬೆರಳು ತೋರುಬೆರಳು ಎರಡನ್ನೇ ಚಾಚಿ, ಥೇಟ್ ಪಿಸ್ತೂಲಿನಂತೆ ಹಿಡಿದು, ‘ಬಾ’ ಎಂದ. ಅತ್ತೆ ಜೀವಮಾನದಲ್ಲಿ ಮೊದಲ ಸಲ, ಕರೆದರೂ ಹೋಗಲಿಲ್ಲ! ಪಕ್ಕದಲ್ಲಿದ್ದ ಸ್ಪ್ಯಾನರ್ ಎತ್ತಿಕೊಂಡಳು.

“ಪಿಸ್ತೂಲ್ ತೋರ್ಸಿ ಕರೀತೀಯಾ? ತಾಕತ್ತಿದ್ರೆ ನೀನೇ ಬಾರೋ!”

ಅವನ ಜೊತೆ ಬಂದಿದ್ದ ದುಭಾಷಿ ಓಡಿಬಂದು ಬಿಡಿಸಿದ. ಚೀನೀ ಭಾಷೆಯಲ್ಲಿ ‘ಬಾ’ ಎಂದರೆ ಎಂಟು; ಎಂಟನ್ನು ಅವರು ಬೆರಳಲ್ಲಿ ತೋರಿಸುವುದೇ ಹಾಗೆ. ಪಾಪ, ಅವನಿಗೆ ಬೇಕಾಗಿದ್ದದ್ದು ಎಂಟು ಬೋಲ್ಟು!

ಅಂದು ಅತ್ತೆಗೊಂದು ಸಿದ್ಧಾಂತ ಹೊಳೆಯಿತು: ಇವೆಲ್ಲ ನಮ್ಮ ‘ಬಾ’ನೇ, ಊರು ಬಿಟ್ಟು ಹೋಗಿ ಅರ್ಥ ಮರೆತಿದೆ ಅಷ್ಟೆ. ನನ್ನೊಳಗಿನ ಎಂ.ಎ. ಎಚ್ಚೆತ್ತಿತು.

“ಇಲ್ಲತ್ತೆ, ನಮ್ಮದು ‘ಬರು’ ಅನ್ನೋ ಧಾತುವಿಂದ ಬಂದಿದ್ದು. ಅವರದಕ್ಕೂ ನಮ್ಮದಕ್ಕೂ ಏನೂ ಸಂಬಂಧ ಇಲ್ಲ.”

“ನಿಂಗೆ ಇಲ್ಲಿ ಕೆಲ್ಸ ಕೊಡ್ಸಿದ್ಯಾರು?”

“ನೀನು.”

“ಅಂಗಾದ್ರೆ ಸಂಬಂಧ ಐತೆ.”

ನಾನು ಮರಳಿ ಪೆಟ್ಟಿಗೆಗಳ ಮೇಲೆ ವಿಳಾಸ ಬರೆಯತೊಡಗಿದೆ.

ಅದೇ ವರ್ಷ ಬಿಹಾರದ ಛಪ್ರಾ ಕಡೆಯಿಂದ ಸುರೇಂದ್ರ ಎಂಬ ಮೂವತ್ತರ ಕೆಲಸಗಾರ ಬಂದು ಸೇರಿದ. ಅವನ ಮಾತು ಭೋಜಪುರಿ. ಏನು ಕೇಳಿದರೂ ‘ಠೀಕ್ ಬಾ’ ಎನ್ನುತ್ತಿದ್ದ. ಅತ್ತೆ ಕೂಡಲೇ ಹೋಗಿ ಎದುರಿಗೆ ನಿಲ್ಲುವಳು. ಅವನು ಗಾಬರಿಯಾಗಿ ಎದ್ದು ನಿಲ್ಲುವನು. ಇಬ್ಬರೂ ಸ್ವಲ್ಪ ಹೊತ್ತು ನಿಂತಿದ್ದು ತಂತಮ್ಮ ಕೆಲಸಕ್ಕೆ ಮರಳುವರು! ಅರ್ಥ ಕೇಳುವ ಗೋಜಿಗೆ ನಾವ್ಯಾರೂ ಹೋಗಲಿಲ್ಲ.

ಎರಡನೇ ತಿಂಗಳಲ್ಲಿ ಅವನಿಗೆ ಡೆಂಗ್ಯೂ ಬಂತು. ಆಸ್ಪತ್ರೆಗೆ ಸೇರಿಸಿದ ದಿನವೇ ಪ್ರಜ್ಞೆ ತಪ್ಪಿತು. ರೂಮಿನ ಜೊತೆಗಾರರಿಗೆ ರಜೆ ಸಿಗಲಿಲ್ಲ. ಅತ್ತೆ ತಾನೇ ರಜೆ ಹಾಕಿ ಅವನ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಳು.

ಮಧ್ಯಾಹ್ನ ನಾನು ಬುತ್ತಿ ಒಯ್ದಾಗ ದಿಂಬಿನ ಕೆಳಗೆ ಅವನ ಮೊಬೈಲು ಬಡಿದುಕೊಳ್ಳುತ್ತಿತ್ತು. ಅತ್ತೆ ಎತ್ತಿದಳು. ಆ ಕಡೆ ಒಬ್ಬ ಹೆಂಗಸಿನ ಅಳು. ಅದು ತಾಯಿ ಎಂದು ತಿಳಿಯಲು ಭಾಷೆ ಬೇಕಿರಲಿಲ್ಲ. ಜೊತೆಗಾರರು ಊರಿಗೆ ಸುದ್ದಿ ಮುಟ್ಟಿಸಿದ್ದರು.

“ಹಮಾರ್ ಬಬುವಾ ಜಿಯತ್ ಬಾ? ಬಾ ನೂ?”

ಅತ್ತೆಗೆ ಗೊತ್ತಾದದ್ದು ಒಂದೇ ಅಕ್ಷರ.

“ಬಾ! ನೀನ್ ಬಾರವ್ವಾ! ಅಲ್ಲೀಗಂಟ ನಾನ್ ನೋಡ್ಕತೀನಿ, ಬಾ!” ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿದಳು.

ಅಳು ಗಕ್ಕನೆ ನಿಂತಿತು. “ಬಾ?” ಎಂದಿತು ಆ ದನಿ, ಮೆಲ್ಲಗೆ.

“ಬಾ!”

ನಾಲ್ಕನೇ ದಿನ ಆ ತಾಯಿ ಬಂದಳು. ಅಷ್ಟರಲ್ಲಿ ಸುರೇಂದ್ರ ಕಣ್ಣು ಬಿಟ್ಟಿದ್ದ. ತಾಯಿ ಹೇಳಿದ್ದನ್ನು ಅವನೇ ಬಿಡಿಬಿಡಿ ಹಿಂದಿಯಲ್ಲಿ ನಮಗೆ ತಿಳಿಯುವಂತೆ ಹೇಳಿದ. ಅವರಲ್ಲಿ ‘ಬಾ’ ಎಂದರೆ ‘ಇದೆ’, ‘ಇದ್ದಾನೆ’. ಮಗ ಬದುಕಿದ್ದಾನೆಯೇ ಎಂದು ಅವಳು ಕೇಳಿದ್ದಳು. ಇದ್ದಾನೆ ಎಂದು ಅತ್ತೆ ಕೂಗಿದ್ದಳು. ಆ ಧೈರ್ಯದ ಮೇಲೆಯೇ ಅವಳು ರೈಲು ಹತ್ತಿದ್ದು. (ಸಂಸ್ಕೃತದ ‘ವರ್ತತೇ’ ಸವೆದು ಸವೆದು ಆ ‘ಬಾ’ ಆಗಿದೆಯೆಂದು ಆಮೇಲೆ ಓದಿ ತಿಳಿದೆ. ಅತ್ತೆಗೆ ಹೇಳಲು ಹೋಗಲಿಲ್ಲ.)

ತಾಯಿ ತನ್ನ ಗಂಟು ಬಿಚ್ಚಿ, ಮಗನತ್ತ ನೋಡಿ, “ಸತ್ತು” ಎಂದಳು.

ಅತ್ತೆ ಎದ್ದವಳೇ ಅವಳ ಬಾಯಿ ಮುಚ್ಚಿದಳು. “ಅಂಗನ್ಬ್ಯಾಡ್ವೇ! ಇದಾನೆ, ನೋಡಲ್ಲಿ!”

ಅಷ್ಟು ನಿಶ್ಶಕ್ತಿಯಲ್ಲೂ ಸುರೇಂದ್ರ ನಕ್ಕ. ಗಂಟಿನಲ್ಲಿದ್ದದ್ದು ಹುರಿಗಡಲೆಯ ಹಿಟ್ಟು. ಅವರ ಕಡೆ ಅದರ ಹೆಸರೇ ಸತ್ತು! ತಾಯಿ ಅದಕ್ಕೆ ಉಪ್ಪು, ನೀರು ಹಾಕಿ ಕಲಸಿ ಉಂಡೆ ಕಟ್ಟಿ, ಮೊದಲ ತುತ್ತನ್ನು ಅತ್ತೆಯ ಬಾಯಿಗಿಟ್ಟಳು. ಮೂರು ದಿನದಿಂದ ನನ್ನ ಬುತ್ತಿಯನ್ನು ಮುಚ್ಚಳ ಸಹ ತೆಗೆಯದೆ ವಾಪಸು ಕಳಿಸುತ್ತಿದ್ದ ಅತ್ತೆ, ಕಣ್ಣೊರೆಸಿಕೊಳ್ಳುತ್ತ ಅಷ್ಟನ್ನೂ ತಿಂದಳು.