ಟಂಕಸಾಲೆಯ ಪರವಾಗಿ ದೊಡ್ಡಬಸಮ್ಮ

೨೦೨೫ರ ಏಪ್ರಿಲ್ ೨೧, ಸೋಮವಾರ. ಬಳ್ಳಾರಿಯಲ್ಲಿ ನಲವತ್ತೊಂದು ಡಿಗ್ರಿ ಬಿಸಿಲು. ಮೋಡವಿಲ್ಲ, ಗಾಳಿಯೂ ಇಲ್ಲ. ಅಂದು ಹನ್ನೊಂದೂವರೆಗೆ ಗಾಂಧಿನಗರದ ಹಳೆಯ ನಾಣ್ಯಗಳ ದೋಷ ನಿರ್ಣಯ ಕೋಶಕ್ಕೆ, ಅದು ಸ್ಥಾಪನೆಯಾದ ಒಂಬತ್ತು ವರ್ಷಗಳಲ್ಲೇ ಮೊದಲನೆಯ ಅರ್ಜಿ ಬಂತು. ಸಿಬ್ಬಂದಿ ಇದಕ್ಕೆ ಸಿದ್ಧರಿರಲಿಲ್ಲ.

ಅರ್ಜಿ ತಂದವಳು ಸಿರುಗುಪ್ಪ ಬಸ್ ನಿಲ್ದಾಣದ ಬಳಿ ತಳ್ಳುಗಾಡಿಯಲ್ಲಿ ಮಿರ್ಚಿ ಕರಿಯುವ ದೊಡ್ಡಬಸಮ್ಮ. ಅವಳ ಸೆರಗಿನ ಗಂಟಿನಲ್ಲಿ ವಿಕ್ಟೋರಿಯಾ ರಾಣಿಯ ೧೮೬೩ನೇ ಇಸವಿಯ, ಇಂಗ್ಲೆಂಡಿನ ಚಿಲ್ಲರೆ ನಾಣ್ಯವಾದ ಒಂದು ಪೆನ್ನಿ ಇತ್ತು. ಬಳ್ಳಾರಿ ದಂಡಿನಲ್ಲಿದ್ದ ಬಿಳಿಯ ಸಿಪಾಯಿಯೊಬ್ಬ ಅವಳ ಮುತ್ತಜ್ಜನಿಂದ ಪುಟಾಣಿ ಕಡಲೆ ಕೊಂಡು, ಬೇರೆ ಚಿಲ್ಲರೆ ಇಲ್ಲವೆಂದು ಇದನ್ನು ಕೊಟ್ಟು ಹೋಗಿದ್ದ. ರಾಣಿಯ ಮೂಗಿನ ತುದಿಯಿಂದ ನಾಣ್ಯದ ಅಂಚಿನವರೆಗೆ ಕೂದಲೆಳೆಯಂಥ ಒಂದು ಗೆರೆ. ಮನೆಯವರು ನಾಲ್ಕು ತಲೆಮಾರಿನಿಂದ ಅದನ್ನು ರಾಣಿಯ ನೆಗಡಿ ಎಂದೇ ತಿಳಿದಿದ್ದರು.

ಕುರುಗೋಡಿನ ಹಳೇ ನಾಣ್ಯದ ವ್ಯಾಪಾರಿ ಉಜ್ಜಿನಪ್ಪ ಒಮ್ಮೆ ಮಿರ್ಚಿ ತಿನ್ನಲು ಬಂದವನು ಅದನ್ನು ಭೂತಗನ್ನಡಿಯಲ್ಲಿ ನೋಡಿ, ಕೈಯಲ್ಲಿದ್ದ ಮಿರ್ಚಿಯನ್ನು ಮರೆತ.

"ಅಮ್ಮಾ, ಇದು ಗೀರಲ್ಲ. ಗೀರಾಗಿದ್ರ ಗೆರಿ ಒಳಗ ಇಳಿದಿರತಿತ್ತು. ಇದು ಮ್ಯಾಲ ಎದ್ದೈತಿ. ಲಂಡನ್ ಟಂಕಸಾಲ್ಯಾಗ ಅಚ್ಚ ಬಿರುಕು ಬಿಟ್ಟಿತ್ತು. ನಲವತ್ತು ಸಾವಿರ ಕೊಡ್ತೀನಿ. ಆದ್ರ ತಪ್ಪು ಟಂಕಸಾಲಿಯವ್ರದ ಅಂತ ಬಳ್ಳಾರಿ ಆಫೀಸಿನ ಕಾಗದ ತರಬೇಕು ನೀವು."

ಬಸ್ ನಿಲ್ದಾಣದ ಎದುರು ಒಂದು ಮಳಿಗೆ ಖಾಲಿಯಾಗಿತ್ತು. ಮುಂಗಡ ನಲವತ್ತು ಸಾವಿರ. ಮೇ ಐದರ ಸಂಜೆಯವರೆಗೆ ಕಾಯುವುದಾಗಿ ಮಾಲೀಕ ಹೇಳಿದ್ದ. ಹದಿನೆಂಟು ವರ್ಷ ಬಿಸಿಲಲ್ಲಿ ನಿಂತು ಎಣ್ಣೆ ಕಾಯಿಸಿದ ದೊಡ್ಡಬಸಮ್ಮನಿಗೆ ನೆತ್ತಿಯ ಮೇಲೊಂದು ಸೂರು ಬೇಕಿತ್ತು. ಬಳ್ಳಾರಿ ಬಸ್ಸು ಹತ್ತಿದಳು.

ಗುಮಾಸ್ತೆ ಶಶಿರೇಖಾ ಅರ್ಜಿ ನಮೂನೆಯ ಧೂಳು ಕೊಡವಿ ಕೇಳಿದಳು.

"ನಾಣ್ಯದ ಹೆಸರು?"

"ಪೆನ್ನಿ."

"ಗಂಡೋ ಹೆಣ್ಣೋ?"

ದೊಡ್ಡಬಸಮ್ಮ ತಿರುಗಿಸಿ ನೋಡಿದಳು. "ಈ ಕಡಿ ರಾಣಿ ಅದಾಳ. ಆ ಕಡಿನೂ ಒಬ್ಬಾಕಿ ತ್ರಿಶೂಲ ಹಿಡಕೊಂಡು ಕುಂತಾಳ್ರಿ."

"ಸ್ತ್ರೀ," ಎಂದು ಬರೆದುಕೊಂಡಳು. "ತಪ್ಪು ಮಾಡಿದವ್ರು?"

"ಲಂಡನ್ ಟಂಕಸಾಲಿ."

"ಅವ್ರ ತಪ್ಪೊಪ್ಪಿಗಿ ಪತ್ರ ತಂದೀರೇನ್ರಿ?"

ತಂದಿರಲಿಲ್ಲ. ಕೋಶದ ಅಧಿಕಾರಿ ವಿರೂಪಾಕ್ಷಪ್ಪನವರು ನಿಯಮ ಏಳನ್ನು ಓದಿ ಹೇಳಿದರು: ಮಾಡಿದವರು ಒಪ್ಪಿಕೊಳ್ಳದ ಹೊರತು ಯಾವುದೇ ತಪ್ಪನ್ನು ತಪ್ಪೆಂದು ಪರಿಗಣಿಸತಕ್ಕದ್ದಲ್ಲ.

"ಒಪ್ಪದ ತಪ್ಪು ತಪ್ಪಲ್ರಿ ಅಮ್ಮಾ. ಈ ಆಫೀಸು ನಿಂತಿರೋದ ಅದರ ಮ್ಯಾಲ."

ಆದ್ದರಿಂದ ಟಂಕಸಾಲೆಗೆ ನೋಟಿಸು ಕಳಿಸಲು ತೀರ್ಮಾನವಾಯಿತು. ಹೊರದೇಶದ ಟಪಾಲಿಗೆ ಅನುದಾನ ಇರಲಿಲ್ಲ. ಆದರೆ ನಿಯಮ ಹನ್ನೊಂದರಲ್ಲಿ ದಾರಿ ಇತ್ತು: ಪ್ರತಿವಾದಿಯನ್ನು ತಲುಪಲಾಗದಿದ್ದಲ್ಲಿ, ಸದರಿ ನಾಣ್ಯ ಹಾಲಿ ವಾಸವಿರುವ ವಿಳಾಸಕ್ಕೆ ನೋಟಿಸು ಜಾರಿ ಮಾಡತಕ್ಕದ್ದು.

ಆರನೆಯ ದಿನ ಪೋಸ್ಟ್‌ಮನ್ ಹುಲುಗೇಶ್ ಸಿರುಗುಪ್ಪದ ತಳ್ಳುಗಾಡಿಯ ಮುಂದೆ ಸೈಕಲ್ ನಿಲ್ಲಿಸಿದ.

"ಅಕ್ಕಾ, ಲಂಡನ್ ಟಂಕಸಾಲಿ ಯಾರು?"

ದೊಡ್ಡಬಸಮ್ಮನ ಓಣಿಯಲ್ಲಿ ರಿಜಿಸ್ಟರ್ ಟಪಾಲನ್ನು ವಾಪಸು ಕಳಿಸುವ ಪದ್ಧತಿ ಇಲ್ಲ. ಯಾರ ಹೆಸರಿಗೆ ಬಂದರೂ ಎದುರಿಗಿದ್ದವರು ಸಹಿ ಹಾಕಿ ತೆಗೆದಿಡುತ್ತಾರೆ. ಬಾಗಿಲಿಗೆ ಬಂದದ್ದನ್ನು ಹೊರಗೆ ಅಟ್ಟಬಾರದು ಎಂಬ ನಂಬಿಕೆ. ಅವಳು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಸಹಿ ಮಾಡಿದಳು. ಸಹಿ ಮಾಡಿದವರೇ ಪ್ರತಿವಾದಿಯ ಅಧಿಕೃತ ಪ್ರತಿನಿಧಿ ಎಂದು ನೋಟಿಸಿನ ಕೊನೆಯಲ್ಲಿತ್ತು. ಒಪ್ಪಿಕೊಂಡವರಿಗೆ ದಂಡ ಉಂಟು ಎಂದೂ ಇತ್ತು.

ಗಂಡ ಎರ್ರೆಪ್ಪ ಜರಡಿ ಸೌಟನ್ನು ಕೆಳಗಿಟ್ಟ. "ಲೇ, ಲಂಡನ್ ಕೇಸು ನಮ್ಮ ತಲಿಮ್ಯಾಗ ಹಾಕ್ಕೊಂಡ್ಯಲ್ಲೇ! ಅಷ್ಟು ದೊಡ್ಡ ಟಂಕಸಾಲಿಗೆ ಲಕ್ಷಕ್ಕ ಕಮ್ಮಿ ದಂಡ ಹಾಕ್ತಾರೇನು?"

"ಸುಮ್ನ ಮಿರ್ಚಿ ತಿರುವ್ರಿ, ಸೀದಾವು. ಒಪ್ಪಿಕೊಂಡ್ರ ಕಾಗದ ಕೊಡ್ತಾರ. ನಿಮ್ಮ ತಪ್ಪು ಮೂವತ್ತು ವರ್ಷ ಒಪ್ಪಿಕೊಂಡೀನಿ, ಲಂಡನ್ನಿಂದು ಒಂದು ಭಾರ ಆತೇನು?"

ಮೇ ಐದರಂದು ವಿಚಾರಣೆ ನಡೆಯಿತು. ಎರಡು ಕುರ್ಚಿ ಹಾಕಿದ್ದರು. ಒಂದು ಅರ್ಜಿದಾರರಿಗೆ, ಇನ್ನೊಂದು ಟಂಕಸಾಲೆಗೆ. ದೊಡ್ಡಬಸಮ್ಮ ಕರೆ ಬಂದಂತೆ ಎದ್ದು ಅಲ್ಲಿಗೂ ಇಲ್ಲಿಗೂ ಕುಳಿತಳು. ಟಂಕಸಾಲೆಯ ಕುರ್ಚಿಗೆ ಮಾತ್ರ ಕೈಗಳಿದ್ದವು.

"ಅಚ್ಚು ಬಿರುಕು ಬಿಟ್ಟಿದ್ದು ಟಂಕಸಾಲಿಗೆ ಗೊತ್ತಿತ್ತೇನು?" ಎಂದು ವಿರೂಪಾಕ್ಷಪ್ಪನವರು ಕೇಳಿದರು.

"ಗೊತ್ತಿತ್ರಿ."

"ಗೊತ್ತಿದ್ದೂ ಯಾಕ ಬದಲಿ ಮಾಡ್ಲಿಲ್ಲ?"

"ಗಿರಾಕಿ ನಿಂತಿರ್ತಾರ್ರಿ. ಸಂತಿ ದಿನ ಬಾಣಲಿ ಸೋರಿದ್ರೂ ಒಲಿ ಆರಸಾಕ ಬರಂಗಿಲ್ಲ."

ಈ ಹೇಳಿಕೆಯನ್ನು ಟಂಕಸಾಲೆಯ ಅಧಿಕೃತ ಉತ್ತರವೆಂದು ದಾಖಲಿಸಲಾಯಿತು. ಅರ್ಜಿದಾರರಿಗೆ ಇದು ಸಮಾಧಾನವೇ ಎಂದು ಕೇಳಿದಾಗ, ಅವಳು ಈ ಕಡೆಯ ಕುರ್ಚಿಗೆ ಬಂದು ಕುಳಿತು, "ಪಾಪ, ಬಿಡ್ರಿ, ಅವ್ರೂ ದುಡಿಯೋ ಮಂದಿ," ಎಂದಳು. ಶಶಿರೇಖಾ ಕಣ್ಣೊರೆಸಿಕೊಂಡಳು. ಸಿಬ್ಬಂದಿ ಚಪ್ಪಾಳೆ ತಟ್ಟಿ, ಟಂಕಸಾಲೆಗೆ ಒಂದು, ಅರ್ಜಿದಾರರಿಗೆ ಒಂದು ಎಂದು ಎರಡು ಮೈಸೂರು ಪಾಕು ಕೊಟ್ಟರು. ದಂಡ ಕಟ್ಟಿಸಿಕೊಂಡು, ರಸೀದಿ ಹರಿದು, ಪ್ರಮಾಣಪತ್ರಕ್ಕೆ ಮೊಹರು ಒತ್ತಿದರು.

ಸಂಜೆ ನಾಲ್ಕೂವರೆಗೆ ಅವಳು ಸಿರುಗುಪ್ಪದಲ್ಲಿ ಬಸ್ ಇಳಿದಾಗ ತಳ್ಳುಗಾಡಿಯ ಸುತ್ತ ಜನ ಸೇರಿತ್ತು. ಉಜ್ಜಿನಪ್ಪ ರೊಕ್ಕದ ಚೀಲದೊಂದಿಗೆ ಬಂದಿದ್ದ. ಮಳಿಗೆಯ ಮಾಲೀಕ ಬೀಗದ ಕೈ ಹಿಡಿದು ನಿಂತಿದ್ದ. ಉಜ್ಜಿನಪ್ಪ ಪ್ರಮಾಣಪತ್ರವನ್ನು ಎಲ್ಲರಿಗೂ ಕೇಳುವಂತೆ ಓದಿದ: "೧೮೬೩ರಲ್ಲಿ ಜರುಗಿದ ಸದರಿ ದೋಷವನ್ನು ಲಂಡನ್ ಟಂಕಸಾಲೆಯು ಸಿರುಗುಪ್ಪದ ಶ್ರೀಮತಿ ದೊಡ್ಡಬಸಮ್ಮನವರ ಮುಖಾಂತರ ಬೇಷರತ್ತಾಗಿ ಒಪ್ಪಿಕೊಂಡಿರುತ್ತದೆ."

"ಇಂಥ ಕಾಗದ ಇಡೀ ದೇಶದಾಗ ಯಾರ ಹತ್ರಾನೂ ಇರಾಕಿಲ್ಲ!" ಎಂದು ಅವನು ನೋಟುಗಳನ್ನು ಎಣಿಸತೊಡಗಿದ. ಹುಲುಗೇಶ್ ಲಂಡನ್ನಿಗೆ ಜೈಕಾರ ಹಾಕಿದ. ಇನ್ನು ಮುಂದೆ ಆ ಊರಿನ ಟಪಾಲು ಬಂದರೆ ಇಲ್ಲಿಗೇ ಕೊಡಬೇಕೆಂದು ಎಲ್ಲರೂ ಒಪ್ಪಿದರು.

ಎರ್ರೆಪ್ಪನೊಬ್ಬನಿಗೆ ಮಾತ್ರ ದಂಡದ್ದೇ ಚಿಂತೆ. ಹೆಂಡತಿಯನ್ನು ಪಕ್ಕಕ್ಕೆ ಕರೆದ.

"ದಂಡ ಎಷ್ಟು ಹಾಕಿದ್ರಲೇ? ಖರೇ ಹೇಳು."

"ಬಾಳ ಸಣ್ಣದು. ಸಾಹೇಬ್ರು ಒಳ್ಳೆಯವ್ರು, ಕನಿಷ್ಠ ಹಾಕ್ಯಾರ."

"ಕಟ್ಟಿದೇನು?"

"ಅಲ್ಲೇ ಕಟ್ಟಿ ಬಂದೆ. ಒಂದು ಪೈಸಾ ಸಾಲ ಮಾಡಿಲ್ಲ." ದೊಡ್ಡಬಸಮ್ಮ ರಸೀದಿಯನ್ನು ಅವನ ಕೈಗಿಟ್ಟಳು. "ತಪ್ಪು ಯಾವ ದೇಶದ್ದೋ, ಯಾವ ಕಾಲದ್ದೋ, ಅದ ರೊಕ್ಕದಾಗ ಕಟ್ಟಬೇಕಂತ ರೂಲು. ಪುಣ್ಯಕ್ಕ ನನ್ನ ಹತ್ರ ಸರಿಯಾಗಿ ಅಷ್ಟ ಇತ್ತು. ಒಂದು ಪೆನ್ನಿ."