ಮೇಲಿನ ಮನೆಯ ಬಿಸಿಲು

ಬಾಡಿಗೆ ಮನೆ ನೋಡಲು ಹೋದವರೆಲ್ಲ ನಲ್ಲಿ ತಿರುಗಿಸುತ್ತಾರೆ, ಬಚ್ಚಲಿಗೆ ಮೂಗು ಹಾಕುತ್ತಾರೆ, ಕೋಣೆಯಲ್ಲಿ ಮಂಚ ಹಿಡಿಯುತ್ತದೋ ಎಂದು ಗೇಣು ಹಾಕುತ್ತಾರೆ. ಬಿಸಿಲು ಎಲ್ಲಿಯವರೆಗೆ ಒಳಗೆ ಬರುತ್ತದೆ ಎಂದು ನೋಡುವವರು ಕಡಿಮೆ. ನಾನು ಮೊದಲು ನೋಡುವುದೇ ಅದನ್ನು. ಮಲ್ಪೆಯಲ್ಲಿ ಮೀನು ಒಣಗಿಸಿ ಮಕ್ಕಳನ್ನು ಸಾಕಿದವಳಿಗೆ ಬಿಸಿಲಿನ ವಿಷಯ ಯಾರೂ ಕಲಿಸಬೇಕಾಗಿಲ್ಲ. ನೋಡಿದ ಮೇಲೆ ಏನು ಮಾಡಬೇಕು ಎಂಬಲ್ಲಿ ಮಾತ್ರ ಸ್ವಲ್ಪ ಹೆಚ್ಚುಕಡಿಮೆ ಆಯಿತು.

ನನ್ನ ಮಗಳು ಶೋಭಾ ನರ್ಸು. ಸೌದಿಯ ಈ ಅಭಾಕ್ಕೆ ಬರುವ ಮೊದಲು ನಾವು ಅಲ್ಲಿಯದೇ ದಮ್ಮಾಮಿನಲ್ಲಿ ಒಂದು ಕಟ್ಟಡದ ತುತ್ತತುದಿಯಲ್ಲಿದ್ದೆವು. ಅಲ್ಲಿ ನೀರಿನ ಟ್ಯಾಂಕಿ ತಾರಸಿಯ ಮೇಲೆ. ಮಧ್ಯಾಹ್ನ ನಲ್ಲಿ ಬಿಟ್ಟರೆ ಅನ್ನ ಬೇಯಿಸಬಹುದಾದ ನೀರು ಬರುತ್ತಿತ್ತು. ಶೋಭಾ ಗೀಸರಿನ ಕರೆಂಟು ತೆಗೆದು, ಅದರೊಳಗೆ ನಿಂತು ತಣಿದ ನೀರನ್ನು ಸ್ನಾನಕ್ಕೆ ಬಿಡುತ್ತಿದ್ದಳು. ಗೀಸರ್ ಎಂದರೆ ತಣ್ಣೀರಿನ ಪೆಟ್ಟಿಗೆ ಎಂದೇ ನಾನು ತುಂಬ ಕಾಲ ತಿಳಿದುಕೊಂಡಿದ್ದೆ. ಯಾರೂ ತಿದ್ದಲಿಲ್ಲ, ನಾನೂ ಕೇಳಲಿಲ್ಲ. ಆ ಮನೆಯಲ್ಲಿ ಬೆಂದು ಬೆಂದು ನಾನೊಂದು ನಿಶ್ಚಯ ಮಾಡಿದ್ದೆ: ಇನ್ನು ಬಿಸಿಲಿಲ್ಲದ ಮನೆ, ಅದೂ ಕೆಳಗಿನದ್ದು.

ಅಭಾದಲ್ಲಿ ಮನೆ ನೋಡಿದ್ದು ಬೇಸಿಗೆಯಲ್ಲಿ. ಒಂದೇ ಕಟ್ಟಡದಲ್ಲಿ ಎರಡು ಮನೆ ಖಾಲಿ ಇದ್ದವು, ಒಂದು ಕೆಳಗೆ ಹಿಂಬದಿಗೆ, ಇನ್ನೊಂದು ಮೇಲಿನ ಅಂತಸ್ತಿನಲ್ಲಿ ಮುಂಬದಿಗೆ.

"ಅತ್ತೆ, ಮೇಲಿನದ್ದು ಆಗಬಹುದು, ಒಳ್ಳೆ ಬೆಳಕುಂಟು," ಎಂದ ಅಳಿಯ.

"ಬೆಳಕನ್ನು ಬಟ್ಟಲಲ್ಲಿ ಹಾಕಿ ತಿಂತೀರಾ? ಆ ಹಾಲ್‌ನಲ್ಲಿ ಎರಡು ದಿನಕ್ಕೆ ಬಂಗುಡೆ ಒಣಗ್ತದೆ. ಮನುಷ್ಯರ ಗತಿ ಎಂತ?"

"ಇದು ಗುಡ್ಡದ ಊರು ಅತ್ತೆ, ಇಲ್ಲಿ ಚಳಿ ಉಂಟಂತೆ."

"ಸೌದಿಯಲ್ಲಿ ಚಳಿಯಾ? ಯಾರ ಹತ್ತಿರ ಹೇಳ್ತೀರಿ!"

ಕೆಳಗಿನ ಮನೆಯೇ ಆಯಿತು.

ಚಳಿಗಾಲ ಬಂತು. ಗೋಡೆಯಲ್ಲಿ ಏಸಿ ಇಟ್ಟ ತೂತಿದೆಯಲ್ಲ, ಅದರ ಸಂದಿಯಿಂದ ಗಾಳಿ ನುಗ್ಗಿ ನೇರ ನನ್ನ ಹಾಸಿಗೆಗೇ ಬರುತ್ತಿತ್ತು. ಟ್ಯಾಂಕಿಯ ನೀರು ಮುಟ್ಟಿದರೆ ಬೆರಳು ನನ್ನದು ಹೌದೋ ಅಲ್ಲವೋ ಎಂದು ತಿಳಿಯುತ್ತಿರಲಿಲ್ಲ. ಒಂದು ದಿನ ಆಲಿಕಲ್ಲು ಬಿದ್ದು ರಸ್ತೆಗೆ ರಸ್ತೆಯೇ ಉಪ್ಪು ಹರಡಿದ ಹಾಗೆ ಬೆಳ್ಳಗಾಯಿತು. ಜನ ಸಲಿಕೆ ಹಿಡಿದು ಬಾಗಿಲ ಮುಂದಿನದನ್ನು ಎಳೆದು ಹಾಕಿದರು. ನಾನು ಒಂದು ಮುಷ್ಟಿ ತಂದು, ಎಷ್ಟು ಹೊತ್ತು ಕರಗದೆ ಇರುತ್ತದೆ ನೋಡೋಣ ಎಂದು ಹಾಲ್‌ನಲ್ಲಿ ಒಂದು ಬಟ್ಟಲಿಗೆ ಹಾಕಿಟ್ಟೆ. ಊಟ ಮುಗಿದರೂ ಅದು ಕರಗಲಿಲ್ಲ. ಆಗ ಮನೆಯ ವಿಷಯ ನನಗೆ ಅರ್ಥವಾಯಿತು.

ಮಂಡಿ ಬಾತಿತು. "ಈ ಚಳಿ ನಿನಗೆ ಆಗುವುದಿಲ್ಲ ಅಮ್ಮ, ಟಿಕೆಟ್ ಮಾಡ್ತೇನೆ, ಊರಿಗೆ ಹೋಗು," ಎಂದಳು ಶೋಭಾ. ಊರಲ್ಲಿರುವುದು ಮಗನ ಮನೆ. ಸೊಸೆ ಒಳ್ಳೆಯವಳು, ಅವಳ ಸಾರು ಮಾತ್ರ ತೊಳೆದ ನೀರು. ಅದಲ್ಲದೆ ಈ ಊರಿನಲ್ಲಿ ನೋಡುವುದಕ್ಕೆ ಇನ್ನೂ ತುಂಬ ಬಾಕಿಯಿತ್ತು. ಇಲ್ಲಿನ ದೊಡ್ಡ ಕೋತಿಗಳು ಕಾರಿನ ಮೇಲೆ ಕಾಲು ಚಾಚಿ ಕೂತು ರೊಟ್ಟಿ ತಿನ್ನುತ್ತವೆ. ಯಾರ ಕಾರಿನ ಮೇಲೆ ಕೂರಬೇಕೆಂದು ಹೇಗೆ ಆರಿಸುತ್ತವೆ ಎಂಬುದೇ ನನಗಿನ್ನೂ ಗೊತ್ತಾಗಿರಲಿಲ್ಲ. ಹೋಗುವ ಮನಸ್ಸಿರಲಿಲ್ಲ. ಹಾಗೆಂದು ಮನೆ ಆರಿಸಿದ್ದು ತಪ್ಪಾಯಿತು ಎನ್ನುವ ಅಭ್ಯಾಸವೂ ನನಗಿಲ್ಲ.

ಅಷ್ಟರಲ್ಲಿ ಮೇಲಿನ ಮನೆಗೆ ಬಂಟ್ವಾಳದ ಮೈಮೂನಾ ಬಂದಿದ್ದಳು. ಒಂದು ಬೆಳಿಗ್ಗೆ, ಶೋಭಾ ಡ್ಯೂಟಿಗೆ ಹೋದ ಮೇಲೆ, ಕರಿಬೇವು ಕೇಳಲು ಹೋದೆ. ಅವಳ ಹಾಲ್‌ನಲ್ಲಿ ಚಾಪೆ ಹಾಸಿದ ಹಾಗೆ ಬಿಸಿಲು. ಕಾಲು ಚಾಚಿ ಕೂತೆ. ಸೋಫಾದ ಕಾಲಿನ ಹತ್ತಿರವಿದ್ದ ಬಿಸಿಲು ಕಪಾಟಿನವರೆಗೆ ಹೋಯಿತು, ಅದರ ಜೊತೆ ನಾನೂ ಸರಿದೆ. ಕರಿಬೇವು ಅಲ್ಲೇ ಮರೆತು ಬಂದೆ. ಮರುದಿನ ಅದನ್ನು ತರಲು ಹೋದೆ. ಆಮೇಲೆ ದಿನಾ ಮನೆಯಲ್ಲಿ ಏನಾದರೊಂದು ಮುಗಿಯತೊಡಗಿತು.

"ಬನ್ನಿ ಅಕ್ಕ," ಎಂದು ಮೈಮೂನಾ ಬಾಗಿಲಲ್ಲೇ ನಗುತ್ತಿದ್ದಳು. "ಇವತ್ತು ಮುಗಿದದ್ದು ಎಂತ, ಉಪ್ಪಾ?"

"ಉಪ್ಪು ನಿನ್ನೆ. ಇವತ್ತು ಸಾಸಿವೆ."

"ಸಾಸಿವೆ ಆಮೇಲೆ ಕೊಡ್ತೇನೆ. ಮೊದಲು ಮಂಡಿ ಬಿಸಿಲಿಗೆ ಹಾಕಿ."

ಬಾವು ಇಳಿಯಿತು. "ನೋಡಿದೆಯಾ, ಕೆಳಗಿನ ಮನೆ ನನಗೆ ಒಗ್ಗಿತು," ಎಂದೆ ಶೋಭಾಳಿಗೆ. ಟಿಕೆಟ್ಟಿನ ಮಾತು ನಿಂತಿತು.

ಆದರೆ ಮೊನ್ನೆ ಮೈಮೂನಾ, ಗಂಡನಿಗೆ ತಾಯಿಫಿನಲ್ಲಿ ಕೆಲಸವಾಯಿತು, ಬರುವ ತಿಂಗಳು ಹೊರಡುತ್ತೇವೆ ಎಂದಳು. ಅವತ್ತು ಬಿಸಿಲಲ್ಲಿ ಕೂತರೂ ಮಂಡಿ ಬಿಸಿಯಾಗಲಿಲ್ಲ. ಸಂಜೆ ಶೋಭಾ ಚಹಾ ಕೊಟ್ಟು ನನ್ನ ಮುಖವನ್ನೇ ನೋಡಿದಳು.

"ಮೈಮೂನಾ ಎಲ್ಲ ಹೇಳಿದಳು ಅಮ್ಮ. ಮೇಲಿನ ಮನೆಗೆ ನಾವೇ ಹೋಗುವನಾ?"

ನಾನು ಚಹಾ ಮುಗಿಸಿ ಲೋಟ ಕೆಳಗಿಟ್ಟೆ.

"ಹೋಗಬಹುದು," ಎಂದೆ. "ಆದರೆ ಈ ಕೆಳಗಿನ ಮನೆಗೆ ಯಾರು ಬರ್ತಾರೆ ಅಂತ ಮೊದಲು ವಿಚಾರಿಸು. ಮುದುಕಿ ಇರುವವರಾದರೆ ಬೇಡ ಮಾರಾಯ್ತಿ. ಉಪ್ಪು, ಸಾಸಿವೆ ಅಂತ ದಿನಾ ಮೇಲೆ ಬಂದು ಕೂತರೆ ಯಾರಿಂದಾಗ್ತದೆ?"